‘ನೋಡೋಣ’ ಎನ್ನದ ಕಲ್ಲಯ್ಯ

ಧಾರವಾಡದಲ್ಲಿ ಕಾನೂನು ಓದುವ ಬನವಾಸಿಯ ಕಲ್ಲಯ್ಯ, ಬೇಸಿಗೆ ರಜೆಯಲ್ಲಿ ಕೆಲಸ ಕಲಿಯಲೆಂದು ಎಂ.ಪಿ. ಸಾಹೇಬರ ಶಿರಸಿ ಕಚೇರಿ ಸೇರಿದ್ದಾನೆ. ಅರ್ಜಿ ಹಿಡಿದು ಬಂದವರನ್ನು ‘ನೋಡೋಣ’ ಎಂದು ಸಾಗಹಾಕುವುದು ಅಲ್ಲಿಯ ಪದ್ಧತಿ. ಈ ಪುಣ್ಯಾತ್ಮನ ಬಾಯಿಂದ ಮಾತ್ರ ಆ ಮಾತು ಹೊರಡದು. ಗಂಜಿ ಹಾಕಿದ ಖಾದಿ ಅಂಗಿಯ ತೋಳು ಮಡಿಸುತ್ತ, ಆಗುವುದಕ್ಕೆ ‘ಆಗತೈತ್ರಿ’ ಎನ್ನುತ್ತಾನೆ, ಆಗದ್ದಕ್ಕೆ ‘ಆಗಂಗಿಲ್ರಿ, ಸುಮ್ನ ಅಡ್ಡಾಡಬ್ಯಾಡ್ರಿ’ ಎನ್ನುತ್ತಾನೆ. ಸಾಕ್ಷಾತ್ ಬ್ರಹ್ಮನೇ ಅರ್ಜಿ ತಂದರೂ ಇವೆರಡರಲ್ಲೊಂದೇ ಉತ್ತರ. ‘ಇವನಿಂದ ಓಟೆಲ್ಲ ಹೋಗ್ತದೆ’ ಎಂದು ಗುಮಾಸ್ತರು ಹಣೆ ಚಚ್ಚಿಕೊಳ್ಳುತ್ತಾರೆ. ಮೊನ್ನೆ ಕಾನಸೂರಿನ ದ್ಯಾವಮ್ಮ ಮತ್ತೆ ಬಂದಳು. ಕೇರಿಗೊಂದು ಬಾವಿ ಬೇಕೆಂದು ವರ್ಷಗಟ್ಟಲೆ ಅಲೆದು, ರಜೆಯ ಮೊದಲಲ್ಲಿ ಇವನಿಂದ ಇಲ್ಲವೆನ್ನಿಸಿಕೊಂಡು ಹೋಗಿದ್ದವಳು. ಸಾಹೇಬರೇ ಎದ್ದು ಕೈಮುಗಿದರು. ಅವಳು ತುಂಬಿದ ಚೊಂಬಿಗೆ ಸೆರಗು ಮುಚ್ಚಿಕೊಂಡೇ, ‘ನೀವಲ್ಲ, ಇಲ್ಲ ಅನ್ನೋ ಹುಡ್ಗ ಎಲ್ಲಿ? ಅವ ಹೇಳಿದ್ಮೇಲೆ ಬಾವಿ ನಾವೇ ತೋಡ್ಕಂಡ್ವಿ. ಮೊದಲ ನೀರು ಅವಂಗೆ’ ಎಂದಳು.