ಹುಲಿಯ ಪಾಲು

ಮೊನ್ನೆ ಗೋಕಾಕದ ಒಂದು ಮದುವೆಯಲ್ಲಿ ಮುತ್ತಲ ಎಲೆಯ ಮೇಲೆ ಬಿಸಿ ಅನ್ನ ಬಡಿಸಿದರು. ಬಾಡಿದ ಎಲೆಯ ಆ ವಾಸನೆಗೆ ನನಗೆ ಊಟ ಸೇರಲಿಲ್ಲ. ನನ್ನೂರು ಕಣಗಲಾದ ಬಾಜೂ ಮನೆಯ ಕಾಕಾ ನೆನಪಾದ...

ಸ್ವಾತಂತ್ರ್ಯ ಬಂದ ಹೊಸತು. ಬೆಳೆ ಕಾಯುವ ನೆಪದಲ್ಲಿ ಕಾಕಾನ ಕೈಗೆ ಬಂದೂಕು ಬಂದಿತ್ತು. ಊರ ಹಿಂದಿನ ಗುಡ್ಡದಲ್ಲಿ ಆಗ ದಟ್ಟ ಪೊದೆ, ಹಳ್ಳದಲ್ಲಿ ನೀರು, ಬೇಕಾದಷ್ಟು ಹಂದಿ, ಕಡವೆ. ಇವೆಲ್ಲ ಇದ್ದುದರಿಂದಲೇ ಒಂದು ಹುಲಿಯೂ ಇತ್ತು. ಅದಕ್ಕೆ ಊರಿನ ಹಂಗೇ ಇರಲಿಲ್ಲ.

ಬೇಟೆಯಾದರೆ ಮೊದಲ ತುಂಡನ್ನು ಮುತ್ತಲ ಎಲೆಯಲ್ಲಿ ಸುತ್ತಿ ಗುಡ್ಡದ ಬುಡದ ಚಪ್ಪಟೆ ಕಲ್ಲಿನ ಮೇಲೆ ಇಡುವುದು ಹಿರಿಯರ ಪದ್ಧತಿ. ಅದು ಹುಲಿಯ ಪಾಲು. ಕಾಕಾ ಅದನ್ನು ಒಮ್ಮೆಯೂ ತಪ್ಪಿಸಲಿಲ್ಲ. ಉಳಿದದ್ದು ಮನೆಮನೆಗೆ ಬರುತ್ತಿತ್ತು. ಬಾಯಿ ಚಪ್ಪರಿಸಿ ಉಂಡು ಎಲ್ಲರೂ ಅವನನ್ನು ಧರ್ಮವಂತ ಎಂದರು. ಹಿರಿಯರು ವರ್ಷಕ್ಕೊಮ್ಮೆ ಬೇಟೆಗೆ ಹೋಗುತ್ತಿದ್ದರು. ಧರ್ಮವಂತ ವಾರವಾರ ಹೋದ. ಪೊದೆಗಳು ಇದ್ದಿಲಾಗಿ ಸಂತೆ ಸೇರಿದವು. ಕೆಲವೇ ವರ್ಷಗಳಲ್ಲಿ ಗುಡ್ಡ ಬೋಳಾಯಿತು.

ಒಂದು ಬೆಳಗ್ಗೆ ಕಾಕಾನ ಕೊಟ್ಟಿಗೆಯಲ್ಲಿ ಎತ್ತು ಸತ್ತು ಬಿದ್ದಿತ್ತು. ಸುತ್ತ ಹುಲಿಯ ಹೆಜ್ಜೆ. ಜೋಡಿ ಕಳೆದುಕೊಂಡ ಇನ್ನೊಂದು ಎತ್ತಿನ ಕೊರಳು ತಬ್ಬಿ ಕಾಕಾ ಅತ್ತ.

“ಒಮ್ಮಿನೂ ಪಾಲು ತಪ್ಪಿಸಿಲ್ಲೋ ನಾ! ಉಂಡ ಮನಿಗೇ ಎರಡು ಬಗೀತಲ್ಲೋ!”

ಅವನ ಹೆಂಡತಿ ಕಾಕು ಕೈಯಲ್ಲಿದ್ದ ಕಸಬರಿಗೆ ಬಿಸಾಕಿದಳು. “ಒಂದ್ ತುಂಡು ಇಟ್ಟು ಇಡೀ ಗುಡ್ಡಾನ ಉಂಡ್ರಿ. ಅದೇನು ಕಲ್ಲು ತಿನ್ನಬೇಕಿತ್ತೇನ್ರಿ?”

ಕಾಕಾ ಒಳಗಿನಿಂದ ಕತ್ತಿ ತಂದ. ಸತ್ತ ಎತ್ತಿನ ಒಂದು ತುಂಡಿಗೆ ವಿಷ ಸವರಿ, ಮುತ್ತಲ ಎಲೆಯಲ್ಲಿ ಸುತ್ತಿ, ಅದೇ ಕಲ್ಲಿನ ಮೇಲೆ ಇಟ್ಟುಬಂದ. ಇಷ್ಟು ವರ್ಷ ನಂಬಿದ ಜಾಗ... ಹುಲಿ ಬಂದು ತಿಂದಿತು. ಬತ್ತಿದ ಹಳ್ಳದಲ್ಲಿ ನೀರಿಗಾಗಿ ಉಸುಕು ಕೆದರಿ ಸತ್ತಿತ್ತು. ಹೊತ್ತು ತಂದಾಗ ಅದರ ಪಕ್ಕೆಲುಬು ಎಣಿಸಬಹುದಿತ್ತು. ಊರು ಹಲಗೆ ಬಾರಿಸಿತು. ಎರಡು ಬಗೆದವರು ಯಾರೆಂದು ಯಾರೂ ಕೇಳಲಿಲ್ಲ.

ಆಮೇಲೆ ಆ ಗುಡ್ಡಕ್ಕೆ ಇನ್ನೊಂದು ಹುಲಿ ಬರಲೇ ಇಲ್ಲ. ಏನಿದೆಯೆಂದು ಬರಬೇಕು?

ಕಾಕಾ ಹೋಗಿ ಬಹಳ ವರ್ಷವಾಯಿತು. ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು ಅವನು. ಆದರೂ ಸಿಟ್ಟು ಇಳಿದಿಲ್ಲ. ಮದುವೆ ಮುಗಿಸಿ ಕಣಗಲಾಕ್ಕೆ ಹೋದೆ. ಕಲ್ಲಿಗೆ ಈಗ ಕುಂಕುಮ ಹಚ್ಚಿದ್ದಾರೆ. ಹೆಣ್ಣುಮಗಳೊಬ್ಬಳು ಮುತ್ತಲ ಎಲೆಯಲ್ಲಿ ಹೋಳಿಗೆ ಇಟ್ಟು ಕೈ ಮುಗಿದಳು.

“ಹುಲಿ ಪಾಲು ರೀ ಅಜ್ಜಾರ, ತಪ್ಪಸಾಕ ಬರಂಗಿಲ್ಲ” ಎಂದಳು.

ಅವಳು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಹೋಳಿಗೆಗೆ ಇರುವೆ ಮುತ್ತಿದ್ದವು.