ಕಡಲೆಕಾಯಿ ಮೂಟೆಯಿಂದ ಪಾರಾದ ಸಂಗೀತ ಭವನ

ಗೆಳೆಯರೇ, ಇವತ್ತು ಗೆದ್ದೆವು! ಶಿರಾದ ನಮ್ಮ ಹಳೇ ಸಂಗೀತ ಭವನ ಕಡಲೆಕಾಯಿ ಗೋದಾಮು ಆಗುವುದರಲ್ಲಿತ್ತು. "ಮೈಕು ಹಾಕಿದ್ರೂ ಹಿಂದ್ಲೋರಿಗೆ ಕೇಳಲ್ಲ, ಇದ್ಯಾತಕ್ಕೆ?" ಎನ್ನುತ್ತಿದ್ದ ಕಡಲೆಕಾಯಿ ಸಾಹುಕಾರರು ಜಾಗ ನೋಡಲೆಂದೇ ಇವತ್ತಿನ ಕಚೇರಿಗೆ ಬಂದು ಕೊನೇ ಸಾಲಿನಲ್ಲಿ ಕೂತಿದ್ದರು.

ನನ್ನಕ್ಕ ಹಾಡುತ್ತಿರುವಾಗಲೇ, ಊರಿಗೆ ಹೊಸದಾಗಿ ಬಂದಿರುವ ಕರೆಂಟು ಹೋಗಿ ಮೈಕು ನಿಂತಿತು. ಅಕ್ಕ ನಿಲ್ಲಿಸಲಿಲ್ಲ. ಅವಳ ದನಿ ಮರದ ಚಾವಣಿಗೆ ತಾಗಿ ಭವನವನ್ನೆಲ್ಲ ತುಂಬಿತು. ಹಾಡು ಮುಗಿದಾಗ ಮೊದಲು ಕೂಗಿದವರು ಸಾಹುಕಾರರೇ: "ಇನ್ನೊಂದು ಹಾಡಮ್ಮ! ಇಲ್ಲೀಗಂಟ ಚೆಂದಾಗಿ ಕೇಳ್ತೈತೆ!"

"ಅಂಗಾರೆ ಮೂಟೆ ಎಲ್ಲಿಡ್ತೀರಾ?" ಎಂದು ಅವರ ಪಕ್ಕದಲ್ಲೇ ಕೂತಿದ್ದ ಪುರಸಭೆ ಅಧ್ಯಕ್ಷರು ಕೇಳಿದರು.

"ಎಲ್ಲಾದ್ರೂ ಇಟ್ಕಂತೀನಿ, ಇದು ಹಾಡಿಗೇ ಇರ್ಲಿ. ನೀವೀಗ ಸುಮ್ಕಿರಿ ಸ್ವಾಮಿ!"

ಚಪ್ಪಾಳೆಯೋ ಚಪ್ಪಾಳೆ. ಕರೆಂಟು ಹೋಗಿದ್ದಕ್ಕೆ ಇಷ್ಟು ಸಂಭ್ರಮಪಟ್ಟ ಊರು ಇನ್ನೊಂದಿರಲಾರದು.