ಆಚಾರ್ರು ಬಟ್ಟೆ ಹಾಸಲಿಲ್ಲ

ಕಳೆದ ಸೋಮವಾರ ಬೆಳಿಗ್ಗೆ ತುರುವೇಕೆರೆಯ ಒಬ್ಬ ಅಕ್ಕಸಾಲಿಯ ಅಂಗಡಿ ಜಗುಲಿಯ ಮೇಲೆ ಒಂದು ಬಳೆ ಕತ್ತರಿಸಿದರು. ಕೈಯಲ್ಲಿದ್ದ ಹಾಗೆಯೇ ಕತ್ತರಿಸಿದರು. ಆ ಕೈಯನ್ನು ಅಲುಗದಂತೆ ಹಿಡಿದುಕೊಂಡಿದ್ದವಳು ನಾನು. ಸಣ್ಣ ಗರಗಸದ ಕಿರುಗುಟ್ಟುವ ಸದ್ದು ಇನ್ನೂ ಹಲ್ಲಿನ ಬುಡದಲ್ಲಿ ಕೂತಿದೆ.

ಈ ವಾರದ ಅಂಕಣದಲ್ಲಿ ಬಸ್ ಸ್ಟ್ಯಾಂಡಿನ ನಲ್ಲಿಯ ಬಗ್ಗೆ ಬರೆಯುವುದೆಂದು ಗೊತ್ತು ಮಾಡಿಕೊಂಡಿದ್ದೆ. (ಅದು ಇನ್ನೊಂದು ವಾರವೂ ಸೋರುತ್ತಿರುತ್ತದೆ, ಬಿಡಿ.) ಎರಡು ಸಲ ಶುರು ಮಾಡಿದೆ. ಎರಡು ಸಲವೂ ಹಾಳೆ ಹರಿದೆ. ಸೋಮವಾರ ನಡೆದದ್ದನ್ನು, ನಡೆದ ಹಾಗೆ, ಹಿಂದು ಮುಂದು ಮಾಡದೆ ಬರೆದುಬಿಡುತ್ತೇನೆ.

ಕೈ ಗಂಗಕ್ಕನದು. ಹೆಸರು ಬದಲಾಯಿಸಿದ್ದೇನೆ. ನಮ್ಮ ಮನೆಯಿಂದ ಮೂರನೆಯ ಮನೆ. ವಯಸ್ಸು ಐವತ್ತೊಂದು, ನನಗಿಂತ ಆರು ವರ್ಷ ದೊಡ್ಡವಳು. ಹಂದನಕೆರೆಯಿಂದ ಸೊಸೆಯಾಗಿ ಬಂದವಳು. ಊರಾಚೆ ತೆಂಗಿನ ತೋಟ, ಮನೆಯ ಅಟ್ಟದ ತುಂಬ ಕಾಯಿ. ಸಿಪ್ಪೆ ಸಮೇತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಟ್ಟು, ಒಳಗಿನ ನೀರು ಬತ್ತಿ ಕೊಬ್ಬರಿಯಾಗಿದೆಯೇ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಸೋಮವಾರ ಬೆಳಿಗ್ಗೆ ಗಂಗಕ್ಕ ಅದನ್ನೇ ಮಾಡಿದಳು. ಇಳಿಯುವಾಗ ಏಣಿಯ ಮೇಲೆ ಸೀರೆ ಕಾಲಿಗೆ ಸಿಕ್ಕಿತು. ಎಡಗೈ ಅಡಿಯಾಗಿ ಬಿದ್ದಳು.

ಸದ್ದು ಕೇಳಿ ನಾನು ಓಡಿದೆ. (ಶಾಲೆಗೆ ರಜೆ ಇತ್ತು. ಇಲ್ಲದಿದ್ದರೆ ನನಗೆ ಇದೊಂದೂ ಕಣ್ಣಾರೆ ಕಾಣುತ್ತಿರಲಿಲ್ಲ.) ಎದುರುಮನೆಯ ಲೋಕಮ್ಮ ಕೈಯಲ್ಲಿದ್ದ ಅಕ್ಕಿ ಮೊರ ಹಾಗೇ ಇಟ್ಟು ಬಂದಳು. ಲೋಕಮ್ಮನದು ದಿನಸಿ ಅಂಗಡಿ. ಬಾಯಿ ಅದಕ್ಕಿಂತ ದೊಡ್ಡದು. ಇಬ್ಬರೂ ಸೇರಿ ಗಂಗಕ್ಕನನ್ನು ಡಾಕ್ಟರ ಹತ್ತಿರ ನಡೆಸಿಕೊಂಡು ಹೋದೆವು. ಹಿಂದೆ ಬೀದಿಯ ಇನ್ನೂ ನಾಲ್ಕು ಹೆಂಗಸರು.

ಮಣಿಕಟ್ಟು ಮುರಿದಿತ್ತು. ಊದಿಕೊಂಡು ಎರಡರಷ್ಟಾಗಿತ್ತು. ಆ ಊತದೊಳಗೆ ಎರಡು ಬಳೆ ಹೂತುಹೋಗಿದ್ದವು.

"ಮೊದಲು ಬಳೆ ತೆಗೆಸಿಕೊಂಡು ಬನ್ನಿ" ಎಂದರು ಡಾಕ್ಟರು. "ಬೆರಳು ನೀಲಿಯಾಗ್ತಿದೆ ನೋಡಿ. ತಡ ಮಾಡಿದ್ರೆ ಕೈಗೇ ಅಪಾಯ."

ಸೋಪು ಹಚ್ಚಿದೆವು. ಎಣ್ಣೆ ಸುರಿದೆವು. ದಾರ ಸುತ್ತಿ ಎಳೆದೆವು. ಗಂಗಕ್ಕ ತುಟಿ ಕಚ್ಚಿದಳೇ ಹೊರತು ಕೂಗಲಿಲ್ಲ. ಅಕ್ಕಸಾಲಿ ಆಚಾರ್ರ ಅಂಗಡಿಗೆ ಹೋಗೋಣ ಎಂದಾಗ ಮಾತ್ರ ನನ್ನ ಸೆರಗು ಹಿಡಿದುಕೊಂಡಳು.

"ಕತ್ತರ್ಸಾದ್ ಮಾತ್ರ ಬ್ಯಾಡ ಟೀಚ್ರಮ್ಮ. ಇನ್ನೊಂದ್ ಚೂರು ಎಳೀರಿ. ತಡ್ಕತೀನಿ."

ಚಿನ್ನದ ಮೇಲೆ ಇಷ್ಟೊಂದು ಆಸೆಯೇ ಎಂದುಕೊಂಡೆ. ಅಂದುಕೊಂಡದ್ದನ್ನು ಇಲ್ಲಿ ಬರೆಯಬೇಕು ತಾನೇ?

ಆ ಬಳೆಗಳ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಒಟ್ಟು ನಾಲ್ಕು. ಕೈಗೆ ಎರಡೆರಡು. ನಮ್ಮ ಬೀದಿಯಲ್ಲಿ ಯಾವ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬಂದರೂ ಅವಳನ್ನು ಸಿಂಗರಿಸುವುದು ಇಡೀ ಬೀದಿ. ಒಂದು ಮನೆಯ ಸರ, ಇನ್ನೊಂದು ಮನೆಯ ಜುಮುಕಿ, ಗಂಗಕ್ಕನ ಬಳೆ. ಸರ, ಜುಮುಕಿ ಬದಲಾಗುತ್ತವೆ. ಬಳೆ ಬದಲಾಗುವುದಿಲ್ಲ. ಅದನ್ನು ತೊಟ್ಟು ಕಾಫಿ ಲೋಟ ತಂದ ಹುಡುಗಿ ಒಪ್ಪಿಗೆಯಾಗದೆ ಉಳಿದಿಲ್ಲ ಎಂದು ನಂಬಿಕೆ. (ಇಬ್ಬರು ಉಳಿದಿದ್ದರು. ಬೀದಿ ಮರೆತಿದೆ.)

ಕೇಳಲು ಹೋದರೆ ಗಂಗಕ್ಕ ಬಚ್ಚಲಿಗೆ ಹೋಗಿ, ಸೋಪು ಹಚ್ಚಿ, ಒಂದೊಂದಾಗಿ ಬಿಚ್ಚಿ ಒರೆಸಿ ಕೊಡುತ್ತಿದ್ದಳು. ಈಚೆಗೆ ಅದಕ್ಕೂ ಕಾಲು ಗಂಟೆ ಹಿಡಿಯುತ್ತಿತ್ತು. ನಮ್ಮ ವಯಸ್ಸಿಗೆ ಕೈ ದಪ್ಪವಾಗುತ್ತದೆ, ಬಳೆ ದೊಡ್ಡದಾಗುವುದಿಲ್ಲ. ನನ್ನ ಮದುವೆಯ ಉಂಗುರ ಬೆರಳಿನ ಗೆಣ್ಣು ದಾಟದೆ ಎಷ್ಟೋ ವರ್ಷವಾಯಿತು. ಎಡಗಿವಿಯ ತೂತು ಸೀಳಿ ಎರಡಾಗಲು ನೂಲಿನಷ್ಟು ಬಾಕಿ ಇದೆ. ಅಮ್ಮ ಕೊಟ್ಟ ಬೆಂಡೋಲೆ ಪೆಟ್ಟಿಗೆ ಸೇರಿತು, ಈಗ ಹುರುಳಿಕಾಳಿನಷ್ಟು ಟಿಕ್ಕಿ. ನನ್ನ ಶಾಲೆಯ ಹುಡುಗಿಯರಿಗೆ ಹಗುರವಾದ ರಿಂಗು, ಹ್ಯಾಂಗಿಂಗ್ಸು ಬೇಕು. ಸಂತೆಯಲ್ಲಿ ಚಿನ್ನದ ನೀರು ಹಾಕಿದ ಕವರಿಂಗ್ ಬಳೆ ಮಾರುವವನು 'ಒಂದು ವರ್ಷ ಗ್ಯಾರಂಟಿ ಅಕ್ಕಾ' ಎಂದು ಕೂಗುತ್ತಾನೆ. (ನನ್ನ ಮಂಡಿಗೆ ಅಷ್ಟು ಗ್ಯಾರಂಟಿಯನ್ನೂ ಯಾವ ಡಾಕ್ಟರೂ ಕೊಟ್ಟಿಲ್ಲ.)

ಹೋದ ತಿಂಗಳು ಆ ಬಳೆ ತೊಟ್ಟವಳು ನನ್ನ ಮಗಳು ಶೈಲಾ. ಕಂದಿಕೆರೆ ಕಡೆಯವರು ಬಂದರು, ಒಪ್ಪಿದರು. ಮುಂದಿನ ತಿಂಗಳು ಮದುವೆ. ಬಳೆ ನಮ್ಮ ಮನೆಯಲ್ಲಿ ನಾಲ್ಕು ದಿನ ಇತ್ತು. ಅದರಲ್ಲಿ ಒಂದು ದಿನ, ಫೋಟೋ ತೆಗೆಸಬೇಕೆಂದು ಅದನ್ನು ತೊಟ್ಟುಕೊಂಡು ಗೆಳತಿಯ ಜೊತೆ ತಿಪಟೂರಿಗೆ ಹೋಗಿ ಬಂದಳು.

ಇದನ್ನು ನೆನಪಿನಲ್ಲಿಡಿ. ಸೋಮವಾರ ನನಗೂ ಇದೇ ನೆನಪಾಯಿತು.

ಆಚಾರ್ರಿಗೆ ಎಪ್ಪತ್ತರ ಹತ್ತಿರ. ನಮ್ಮ ಬೀದಿಯ ಅರ್ಧ ಕಿವಿಗಳನ್ನು ಚುಚ್ಚಿದವರು. ಕನ್ನಡಕ ಹಾಕಿಕೊಂಡು, ಗಂಗಕ್ಕನ ಕೈಯನ್ನು ತಮ್ಮ ಮಣೆಯ ಮೇಲೆ ಇಟ್ಟುಕೊಂಡು, ಮೇಲಿನ ಬಳೆಯನ್ನು ಬೆರಳಿನಿಂದ ಮುಟ್ಟಿದರು. ಉಗುರಿನಿಂದ ಒಂದು ಸಲ ತಟ್ಟಿದರು. ಆಮೇಲೆ ತಲೆ ಎತ್ತಿ ಗಂಗಕ್ಕನ ಮುಖ ನೋಡಿದರು. ಗಂಗಕ್ಕ ಅವರ ಮುಖ ನೋಡಿದಳು.

"ನೀವೆಲ್ಲ ಒಂಚೂರು ಆಚೆ ನಿಂತ್ಕೊಳ್ಳಿ. ಗಾಳಿ ಆಡ್ಲಿ" ಎಂದರು.

ಯಾರೂ ಕದಲಲಿಲ್ಲ. ನಾನೂ ಕದಲಲಿಲ್ಲ. ಬದಲಿಗೆ ಬುದ್ಧಿವಂತೆಯ ಹಾಗೆ ಹೇಳಿದೆ: "ಕತ್ತರಿಸಿ ಆಚಾರ್ರೇ. ಚಿನ್ನ ತಾನೇ? ಆಮೇಲೆ ಬೆಸೆದು ಕೊಟ್ರಾಯ್ತು."

ಅವರು ಮಣೆಗೆ ಬಗ್ಗಿದರು. ಚರ್ಮಕ್ಕೆ ತಾಗದಂತೆ ಬಳೆಯ ಅಡಿಗೆ ತೆಳುವಾದ ತಗಡಿನ ಪಟ್ಟಿ ತೂರಿಸಿದರು. ಗರಗಸ ಇಟ್ಟರು. ಹೊಳೆಯುವ ಪುಡಿ ಮಣೆಯ ಮೇಲೆ, ಅಲ್ಲಿಂದ ನೆಲದ ಮೇಲೆ ಉದುರತೊಡಗಿತು.

ಮೊದಲು ಗಮನಿಸಿದ್ದು ಲೋಕಮ್ಮ.

"ಏನ್ ಆಚಾರ್ರೇ, ಬಟ್ಟೆ ಹಾಸ್ಕಳ್ಳಿಲ್ವಲ್ಲ! ಪುಡಿಯೆಲ್ಲ ನೆಲಕ್ ಓಯ್ತಾ ಐತೆ. ನನ್ ಮೂಗುಬೊಟ್ಟಿನ ತಿರುಪು ಉಜ್ಜಾಗ್ಲೂ ತೊಡೆ ಮ್ಯಾಲೆ ಹಾಸ್ಕಂಡಿದ್ರಲ್ಲ?"

ನಿಜ. ಚಿನ್ನಕ್ಕೆ ಅರ ತಾಗಿಸುವ ಮೊದಲು ಆಚಾರ್ರು ತೊಡೆಯ ಮೇಲೆ ಒಂದು ಬಿಳಿ ಬಟ್ಟೆ ಹರಡಿಕೊಳ್ಳುತ್ತಾರೆ. ಎಳ್ಳಿನಷ್ಟು ಉದುರಿದರೂ ಅದರಲ್ಲಿ ಬೀಳಬೇಕು. ಅಂಗಡಿಯ ನೆಲ ಗುಡಿಸಿದ ಕಸವನ್ನೂ ಎಸೆಯದ ಜಾತಿಯ ಕೆಲಸ ಅದು. ಅವತ್ತು ಆ ಬಟ್ಟೆ ಮಡಿಸಿದ್ದು ಮಡಿಸಿದ ಹಾಗೆ ಪಕ್ಕದಲ್ಲಿತ್ತು.

"ಬ್ಯಾಡ ಬುಡಮ್ಮ" ಎಂದರು ಆಚಾರ್ರು, ತಲೆ ಎತ್ತದೆ.

ಲೋಕಮ್ಮ ಬಗ್ಗಿ ಪುಡಿಯನ್ನು ಬೆರಳಿಗೆ ಒತ್ತಿಕೊಂಡಳು. ಬಿಸಿಲಿಗೆ ಹಿಡಿದಳು. ಅಷ್ಟರಲ್ಲಿ ಬಳೆ ಕತ್ತರಿಸಿ ಆಗಿತ್ತು. ಆಚಾರ್ರು ಇಕ್ಕುಳದಿಂದ ಅದನ್ನು ಅಗಲಿಸಿದರು. ಕತ್ತರಿಸಿದ ತುದಿ ನಮ್ಮ ಕಡೆಗೇ ಇತ್ತು. ಮೇಲೆ ಕೂದಲಿನಷ್ಟು ಹಳದಿ. ಒಳಗೆಲ್ಲ ಹಿತ್ತಾಳೆ.

ಆಮೇಲೆ ಲೋಕಮ್ಮ ನನ್ನನ್ನು ನೋಡಿದಳು. ಬೈಯುವ ನೋಟವಲ್ಲ. ಸುಮ್ಮನೆ ನೋಡಿದಳು. ಅವಳ ಹಿಂದೆ ಉಳಿದ ನಾಲ್ವರೂ ನೋಡಿದರು. ಕೊನೆಯದಾಗಿ ಬಳೆ ಯಾರ ಮನೆಯಲ್ಲಿತ್ತು? ಕೇಳುವ ಅಗತ್ಯವೇ ಇರಲಿಲ್ಲ. ಈ ಮಾತು ಸಂಜೆಯೊಳಗೆ ಬೀದಿ ದಾಟುತ್ತದೆ, ವಾರದೊಳಗೆ ಕಂದಿಕೆರೆ ಮುಟ್ಟುತ್ತದೆ. ಎರವಲು ತಂದ ಚಿನ್ನ ಬದಲಾಯಿಸಿದ ಮನೆಯಿಂದ ಯಾರು ಹೆಣ್ಣು ತರುತ್ತಾರೆ?

'ನಾವಲ್ಲ' ಎನ್ನಬೇಕಿತ್ತು. ಅನ್ನಲಿಲ್ಲ. ಯಾಕೆಂದರೆ ಆ ಹೊತ್ತಿಗೆ ನಾನು ಮನಸ್ಸಿನಲ್ಲೇ ತಿಪಟೂರಿನಲ್ಲಿದ್ದೆ. ಫೋಟೋ ತೆಗೆಸಲು ಇಡೀ ದಿನ ಬೇಕೇ? ಆ ಗೆಳತಿ ಎಂಥವಳು? ಬಂದ ಮೇಲೆ ಶೈಲಾ ಯಾಕೆ ಊಟ ಬೇಡವೆಂದಳು? ಇವಿಷ್ಟೂ ಒಂದರ ಹಿಂದೆ ಒಂದು ಬಂದವು. ಕೂಗಿ ಕರೆದಂತೆ ಬಂದವು.

ಗಂಗಕ್ಕ ಸುಮ್ಮನಿದ್ದರೆ ಸಾಕಿತ್ತು. ಅವಳ ಮಾನ ಉಳಿಯುತ್ತಿತ್ತು. ಅವಳು ಎಂದೆಂದಿಗೂ ಚಿನ್ನ ಕಳೆದುಕೊಂಡವಳಾಗಿ, ನಾವು ಎಂದೆಂದಿಗೂ ಕದ್ದವರಾಗಿ ಆ ಬೀದಿಯಲ್ಲಿ ಇದ್ದುಬಿಡುತ್ತಿದ್ದೆವು.

"ಅವ್ರ್ ಕಡೆ ಯಾಕ್ ನೋಡ್ತೀಯ ಲೋಕಿ?" ಎಂದಳು ಗಂಗಕ್ಕ. "ಇತ್ಲಾಗ್ ನೋಡು. ನಾನೇ ತಂದಿದ್ದು. ತುಮಕೂರ್ನಾಗೆ. ನಮ್ ಯಜಮಾನ್ರಿಗೆ ಹೊಟ್ಟೆ ಆಪ್ರೇಷನ್ ಆಯ್ತಲ್ಲ, ಆಗ್ಲೇ ಹೋಯ್ತು ಚಿನ್ನದವು. ಎಲ್ಡ್ ವರ್ಸಾಯ್ತು."

ಲೋಕಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಅವಳ ಮಗಳು ಗೌರಿಯನ್ನು ನೋಡಲು ಬಂದದ್ದು ಹೋದ ವರ್ಷ.

"ಅಂದ್ರೆ ನಮ್ ಗೌರೀಗ್ ಹಾಕಿದ್ದೂ..."

"ಇದೇ ಕಣೇ."

"ಅಯ್ಯೋ ನಿನ್ನ! ಅದ್ಕೇ ಅಳಿಯ ಹಂಗವ್ನೆ! ನೋಡಾಕ್ ಪಳಪಳ ಅಂತಾನೆ, ಒಂದ್ ಕೆಲ್ಸ ಹೇಳುದ್ರೆ ಬಣ್ಣ ಬುಡ್ತಾನೆ."

ಹೆಂಗಸರು ನಕ್ಕರು. ಗಂಗಕ್ಕನೂ ನಗಲು ಹೋಗಿ ಕೈ ಅಲುಗಿ 'ಅಮ್ಮಾ' ಎಂದಳು. ನನಗೆ ಮಾತ್ರ ನಗು ಬರಲಿಲ್ಲ. ಲೋಕಮ್ಮ ಈಗ ನಿಜವಾಗಿ ಸಿಟ್ಟಾದಳು.

"'ಇಲ್ಲ ಕಣ್ರೇ, ಹೋಯ್ತು' ಅಂದಿದ್ರೆ ಏನಾಗ್ತಿತ್ತು ನಿಂಗೆ? ನಾವೇನ್ ನಿನ್ ನುಂಗ್ತಿದ್ವಾ?"

"ನುಂಗ್ತಿರ್ಲಿಲ್ಲ ಬುಡು" ಎಂದಳು ಗಂಗಕ್ಕ. "ಆಮ್ಯಾಕೆ ಕೇಳಾಕ್ ಯಾರ್ ಬತ್ತಿದ್ರಿ?"

ಗಂಗಕ್ಕನಿಗೆ ಮಕ್ಕಳಿಲ್ಲ. ಬೀದಿಯ ಪ್ರತಿ ಹುಡುಗಿಯ ಮದುವೆ ಮಾತು ಮೊದಲು ಅವಳ ಬಾಗಿಲಿಗೆ ಬರುತ್ತಿತ್ತು, ಆ ಬಳೆಯ ಕಾರಣಕ್ಕೆ. ಚಿನ್ನ ಹೋದ ಮೇಲೆ ಅವಳು ಕವರಿಂಗ್ ತಂದದ್ದು ತೊಡುವುದಕ್ಕಲ್ಲ, ಕೊಡುವುದಕ್ಕೆ. ಕೇಳಿದವರಿಗೆ ಇಲ್ಲ ಎನ್ನದೆ ಇರುವುದಕ್ಕೆ.

ಇನ್ನೊಂದು ಬಳೆ ಉಳಿದಿತ್ತು. ಆಚಾರ್ರು ಗರಗಸ ಕೆಳಗಿಟ್ಟರು. ಪಕ್ಕದಲ್ಲಿದ್ದ ಬಿಳಿ ಬಟ್ಟೆ ಬಿಡಿಸಿ, ಕೊಡವಿ, ತೊಡೆಯ ಮೇಲೆ ಹಾಸಿಕೊಂಡರು. ಮೂಲೆಗಳನ್ನು ಎಳೆದು ಸರಿಮಾಡಿದರು. ಆಮೇಲೆ ಎರಡನೆಯ ಬಳೆ ಕತ್ತರಿಸಿದರು. ಉದುರಿದ್ದನ್ನೆಲ್ಲ ಒಟ್ಟು ಮಾಡಿ, ಕಾಗದದಲ್ಲಿ ಪೊಟ್ಟಣ ಕಟ್ಟಿ, ತುಂಡುಗಳ ಜೊತೆಗೆ ಗಂಗಕ್ಕನ ಬಲಗೈಗೆ ಕೊಟ್ಟರು. ಚಿನ್ನದ ಪುಡಿಯನ್ನು ಹೇಗೆ ಕೊಡುತ್ತಾರೋ ಹಾಗೆಯೇ.

ಬೆರಳಿಗೆ ಬಣ್ಣ ಬಂತು. ಡಾಕ್ಟರು ಪ್ಲಾಸ್ಟರ್ ಹಾಕಿದರು. ಆರು ವಾರ ಕೈ ಅಲ್ಲಾಡಿಸುವ ಹಾಗಿಲ್ಲ. ದಿನಾ ಬೆಳಿಗ್ಗೆ ಲೋಕಮ್ಮ ಹೋಗಿ ತಲೆ ಬಾಚುತ್ತಾಳೆ, ಬೈಯುತ್ತಲೇ ಬಾಚುತ್ತಾಳೆ. ಮುದ್ದೆ ಒಂದು ಮನೆಯಿಂದ, ಸಾರು ಇನ್ನೊಂದರಿಂದ. ಆಪರೇಷನ್ ಆದ ಯಜಮಾನರು ಏಣಿ ಹತ್ತುವ ಹಾಗಿಲ್ಲ, ಅಟ್ಟದ ಕಾಯಿಗೆ ಯಾರು ಹತ್ತುವುದು ಎಂಬುದಿನ್ನೂ ತೀರ್ಮಾನವಾಗಿಲ್ಲ. ನಮ್ಮೆಲ್ಲರ ಮಂಡಿಯೂ ಒಂದೇ ಗ್ಯಾರಂಟಿಯದು. ಶುಕ್ರವಾರ ಹಿಂದಿನ ಬೀದಿಯ ಒಬ್ಬಳು ತಾಯಿ ಬಂದು ನಿಂತಿದ್ದಳಂತೆ. ಭಾನುವಾರ ಹುಡುಗಿಯನ್ನು ನೋಡಲು ಬರುತ್ತಾರೆ, ಬಲಗೈಯ ಎರಡು ಬಳೆ ಕೊಡ್ತೀಯಾ ಅಕ್ಕಾ ಎಂದಳಂತೆ. ವಿಷಯ ಗೊತ್ತಿದ್ದೇ ಬಂದಿದ್ದಳಂತೆ.

ಇದನ್ನು ಬರೆಯಲೇ ಎಂದು ಗಂಗಕ್ಕನನ್ನು ಕೇಳಿದೆ. "ಬರ್ಕಳಿ ಬುಡಿ, ಎಲ್ಲಾರ್ಗೂ ಗೊತ್ತಾಗೈತೆ. ಹೆಸ್ರು ಮಾತ್ರ ಒಳ್ಳೇದ್ ಇಡ್ರಿ" ಎಂದಳು.

ಕಂದಿಕೆರೆಯ ಬೀಗರೂ ಈ ಪತ್ರಿಕೆ ತರಿಸುತ್ತಾರೆ. ನನ್ನ ಮಗಳು ತೊಟ್ಟಿದ್ದು ಕವರಿಂಗ್ ಎಂದು ಅವರಿಗೂ ತಿಳಿಯಲಿ. (ಅವತ್ತು ಬೀಗಿತ್ತಿ ಹಾಕಿಕೊಂಡಿದ್ದ ಏಳು ಕಲ್ಲಿನ ಓಲೆ ಅವರ ಅತ್ತಿಗೆಯದು ಎಂದು ನನಗೂ ಗೊತ್ತು.)

ಅದಲ್ಲ ನನ್ನ ನಿದ್ದೆ ಕೆಡಿಸಿರುವುದು. ತಿಪಟೂರಿಗೆ ಹೋದ ದಿನ ಊಟ ಯಾಕೆ ಬೇಡವೆಂದೆ ಎಂದು ಮೊನ್ನೆ, ಬೇರೆ ಮಾತಿನ ನಡುವೆ, ಶೈಲಾಳನ್ನು ಕೇಳಿದೆ. "ಆ ಬಳೆ ಎಲ್ಲಿ ಕಳೆದುಹೋಗತ್ತೋ ಅಂತ ದಿನವಿಡೀ ಕೈ ಮುಚ್ಕೊಂಡೇ ಇದ್ದೆನಮ್ಮ. ತಲೆ ನೋಯ್ತಿತ್ತು" ಎಂದಳು. ಯಾಕೆ ಕೇಳಿದೆ ಎಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ. ಪ್ಲಾಸ್ಟರಿನ ಕೈಗೆ ನಾಲ್ಕು ಮನೆಯ ಸಾರು ಬರುತ್ತದೆ. ಹೆತ್ತ ಮಗಳನ್ನು ಐದು ನಿಮಿಷ ಕಳ್ಳಿ ಎಂದುಕೊಂಡವಳಿಗೆ ಯಾವ ಮನೆಯಿಂದ ಏನು ಬರಬೇಕು?

ನನ್ನ ಅಕ್ಷರ ಅಚ್ಚಿನವರಿಗೆ ತಿಳಿಯುವುದಿಲ್ಲ. ಪ್ರತಿ ವಾರ ಈ ಅಂಕಣವನ್ನು ದುಂಡಗೆ ನಕಲು ಮಾಡಿ, ಕವರಿಗೆ ಹಾಕಿ, ಪೋಸ್ಟ್ ಡಬ್ಬಿಗೆ ಹಾಕಿ ಬರುವವಳು ಶೈಲಾ. ಈ ಹಾಳೆಗಳನ್ನೂ ಅವಳ ಮೇಜಿನ ಮೇಲೆ ಇಟ್ಟು ಶಾಲೆಗೆ ಹೊರಟಿದ್ದೇನೆ.

ನೀವು ಇದನ್ನು ಓದುತ್ತಿದ್ದರೆ, ಅವಳು ಕೊನೆಯ ಸಾಲಿನವರೆಗೂ ಬರೆದುಕೊಟ್ಟಿದ್ದಾಳೆ.